ಬೇವಿನೆಲಿ ಓಲೆಗೆ ತಾಮ್ರ ಹಿಡಿಸಿದ್ರ ಅಂಚು ಕಪ್ಪಗಾಗಿ ಉದುರತೈತಿ, ತಪ್ಪು ಎಲ್ಲೈತಿ?

ಎಲಿಓಲೆ_ಗಂಗಾವತಿ
ಎಲ್ಲರಿಗೂ ನಮಸ್ಕಾರ. ಖರೇ ಎಲಿ, ಬೀಜ, ಹೂವು ಬಳಸಿ ಓಲೆ, ಪದಕ ಮಾಡಿ ಮಾರತೀನಿ. ರೆಸಿನ್ (ಗಟ್ಟಿಯಾಗೋ ಪಾರದರ್ಶಕ ಅಂಟು) ಕೆಲಸ ನಡದೈತಿ. ಈಗ ಒಣ ಬೇವಿನೆಲಿ ಮ್ಯಾಲೆ ನೇರ ತಾಮ್ರ ಬೆಳಸೋ ಎಲೆಕ್ಟ್ರೋಫಾರ್ಮಿಂಗ್ ಹಿಡದೀನಿ.

ಈಗಿನ ಜೋಡಣಿ ಹಿಂಗೈತಿ: 2 ಲೀಟರ್ ಗಾಜಿನ ಭರಣಿ, ಮೈಲುತುತ್ತ (ಕಾಪರ್ ಸಲ್ಫೇಟ್) 400 ಗ್ರಾಂ, ಬ್ಯಾಟರಿ ಆ್ಯಸಿಡ್ 280 ಮಿ.ಲೀ., ಉಳಿದದ್ದು ಬೋರ್ ನೀರು. ಒಂದು ಬದಿಗೆ ತಾಮ್ರದ ತಗಡು, ಪ್ಲಸ್. ಮೈನಸ್‌ಗೆ ಒಮ್ಮೆಲೇ ನಾಕು ಎಲಿ. ಎಲಿಗೆ ಗ್ರಾಫೈಟ್ ಪುಡಿ ಕಲಸಿದ ನೇಲ್ ಪಾಲಿಶ್ ಬಳದೀನಿ. ಕರೆಂಟ್ ಶುರುವಿನಿಂದನ 1.5 ಆಂಪಿಯರ್.

ಆಗೋದು ಏನಂದ್ರ, ಎಲಿ ಅಂಚಿನ ಹಲ್ಲುಗಳ ಮ್ಯಾಲೆ ಕಪ್ಪು ಕಂದು ಪುಡಿ ಕೂಡತೈತಿ, ಬೆರಳಿಂದ ಒರೆಸಿದ್ರ ಬರತೈತಿ. ನಡುವ ತಾಮ್ರ ಹತ್ತೇ ಇಲ್ಲ. ಹತ್ತಿದ ಒಂದೆರಡರಾಗೂ ಗುಳ್ಳಿ. ಬಲ್ಲವರು ಹೇಳ್ರಿ.

ಬಿಸಿಲೂರು_ಬಳ್ಳಾರಿ
ಕರೆಂಟ್ ಜಾಸ್ತಿ. ಅಷ್ಟೇ.

ತಾಮ್ರತಂತಿ_ರಾಯಚೂರು
ಜಾಸ್ತಿ ಅನ್ನೋದು ಖರೇ, ಆದ್ರ ಎಷ್ಟು ಜಾಸ್ತಿ ಅನ್ನೋದು ಲೆಕ್ಕ ಹಾಕಿ ನೋಡ್ರಿ ಅಕ್ಕಾರ. 6 ಸೆಂ.ಮೀ. ಉದ್ದದ ಬೇವಿನೆಲಿ ಎರಡೂ ಬದಿ ಸೇರಿ ಸುಮಾರು 15 ಚದರ ಸೆಂ.ಮೀ. ಬರ್ತದ. ನಾಕು ಎಲಿ ಅಂದ್ರ 60 ಚದರ ಸೆಂ.ಮೀ., ಅಂದ್ರ 0.6 ಚದರ ಡೆಸಿಮೀಟರ್. ಅದಕ್ಕ 1.5 ಆಂಪಿಯರ್ ಕೊಟ್ರ ಒಂದು ಚದರ ಡೆಸಿಮೀಟರಿಗೆ 2.5 ಆಂಪಿಯರ್ ಬಿತ್ತು. ದ್ರಾವಣ ಅಲುಗಾಡಿಸದೇ ಇಟ್ಟ ಭರಣ್ಯಾಗ ಅದು ಸುಟ್ಟಂಗ. ಚೂಪು ಜಾಗಕ್ಕ ಕರೆಂಟ್ ಮೊದಲ ಓಡ್ತದ. ಬೇವಿನೆಲಿಗೆ ಸುತ್ತಾ ಚೂಪ ಅದ. ಅಲ್ಲಿದ್ದ ತಾಮ್ರದ ಅಯಾನು (ನೀರಾಗ ಕರಗಿದ ತಾಮ್ರ) ಮುಗದ ಮ್ಯಾಲೂ ಕರೆಂಟ್ ನುಗ್ತಾನ ಇರ್ತದ, ಹಂಗಾಗಿ ಗಟ್ಟಿ ತಾಮ್ರದ ಬದಲು ಪುಡಿ ಕೂಡ್ತದ.

ಮೊದಲ ಒಂದೆರಡು ತಾಸು ನಾಕಕ್ಕೂ ಸೇರಿ 0.2 ಆಂಪಿಯರ್ ಇಡ್ರಿ. ಇಡೀ ಎಲಿ ಗುಲಾಬಿ ಬಣ್ಣಕ್ಕ ತಿರುಗಿದ ಮ್ಯಾಲೆ 0.6ಕ್ಕ ಏರಸ್ರಿ. ಚದರ ಡೆಸಿಮೀಟರಿಗೆ 1 ಆಂಪಿಯರ್ ಇದ್ರ ತಾಸಿಗೆ 13 ಮೈಕ್ರಾನ್ ಬೆಳೀತದ. ಓಲೆ ಬಾಗಬಾರದು ಅಂದ್ರ 150 ಮೈಕ್ರಾನ್ ಬೇಕು, ಅದಕ್ಕ 11-12 ತಾಸು. ಒಂದು ಎಲಿಗೆ ಸುಮಾರು 2 ಗ್ರಾಂ ತಾಮ್ರ ಕೂಡ್ತದ. ತೆಗೆದು ತೂಗಿ ನೋಡ್ರಿ. 1 ಗ್ರಾಂ ಬಂತಂದ್ರ ದಪ್ಪ ಅರ್ಧಾನೇ ಆಗೇದ ಅಂತ ತಿಳೀರಿ, ಸ್ಕೇಲು ಹಚ್ಚೋದೇ ಬ್ಯಾಡ.

ಹೊಳಿದಂಡಿ
ಆಂಪಿಯರ್ ಗೋಳು ಯಾಕ್ರೀ? 1 ವೋಲ್ಟ್ ಇಟ್ಟು ಬಿಡ್ರಿ, ಆಂಪಿಯರ್ ತಾನಾಗೇ ಹೊಂದಿಕೊಳ್ತದ.

ತಾಮ್ರತಂತಿ_ರಾಯಚೂರು
ಹೊಂದ್ಕೊಳ್ಳಂಗಿಲ್ಲ ಸರ್. ತಗಡಿನ ದೂರ, ಆ್ಯಸಿಡ್ ಪ್ರಮಾಣ, ದ್ರಾವಣದ ಶಾಖ ಇವು ಬದಲಾದಂಗ ಅದೇ 1 ವೋಲ್ಟಿಗೆ ಕರೆಂಟ್ ಎರಡು ಪಟ್ಟೂ ಆಗಬಹುದು, ಅರ್ಧಾನೂ ಆಗಬಹುದು. ಶುರುವಿನ್ಯಾಗ ಎಲಿ ಮ್ಯಾಲೆ ಬರೇ ಗ್ರಾಫೈಟ್ ಇರ್ತದ, ಆಮ್ಯಾಲೆ ತಾಮ್ರ. ತಾಮ್ರ ಹರಡಿದಂಗ ಕರೆಂಟೂ ಏರ್ತಾ ಹೋಗ್ತದ. ಅದಕ್ಕ ಕರೆಂಟನ್ನ ಒಂದೇ ಮಟ್ಟಕ್ಕ ಹಿಡಿದಿಡೋ ಡಿ.ಸಿ. ಸಪ್ಲೈ ಬೇಕು. ಮೊಬೈಲ್ ಚಾರ್ಜರ್ ಕತ್ತರಿಸಿ ಜೋಡಿಸೋದು ಬ್ಯಾಡ.

ಎಲಿಓಲೆ_ಗಂಗಾವತಿ
ಸಪ್ಲೈ 0-5 ಆಂಪಿಯರಿಂದು ಐತಿ, ಕರೆಂಟ್ ಹಿಡಿಯೋ ಗುಂಡಿನೂ ಐತಿ. ಆದ್ರ ನಡುವಿನ ಭಾಗಕ್ಕ ಯಾಕ ಹತ್ತಂಗಿಲ್ಲ?

ಕುಂಚ_ಕೊಪ್ಪಳ
ನೇಲ್ ಪಾಲಿಶ್ ಜಾಸ್ತಿ, ಗ್ರಾಫೈಟ್ ಕಮ್ಮಿ. ಗ್ರಾಫೈಟಿನ ಒಂದು ಕಣ ಇನ್ನೊಂದಕ್ಕ ತಾಗಬೇಕು, ನಡುವ ಪಾಲಿಶ್ ತುಂಬಿದ್ರ ಕರೆಂಟ್ ಹಾಯಂಗಿಲ್ಲ. ಬಳದು ಒಣಗಿದ ಮ್ಯಾಲೆ ಹೊಳದ್ರ ಪಾಲಿಶ್ ಹೆಚ್ಚಾಗೈತಿ ಅಂತ ಅರ್ಥ. ಮಂಕಾಗಿ ಪೆನ್ಸಿಲ್ ಗೀಚಿದಂಗ ಕಾಣಬೇಕು. ಥಿನ್ನರ್ ಹಾಕಿ ತೆಳು ಮಾಡಿ, ಪುಡಿ ಏರಿಸಿ, ಎರಡು ಸಲ ಬಳೀರಿ. ಒಣಗಿದ ಮ್ಯಾಲೆ ಮೆತ್ತನ ಒಣ ಕುಂಚದಿಂದ ತಿಕ್ಕ್ರಿ. ತಿಕ್ಕಿದ್ರ ಕಣ ಒಂದಕ್ಕೊಂದು ಹಾಸಿಕೊಂತಾವು.

ಮಲ್ಟಿಮೀಟರ್ ಒಂದು ಕಡ್ಡಿ ತೊಟ್ಟಿಗೆ, ಇನ್ನೊಂದು ತುದಿಗೆ ಇಟ್ಟು ನೋಡ್ರಿ. ಕೆಲವು ನೂರು ಓಮ್ ಬಂದ್ರ ಭರಣಿಗೆ ಇಳಸ್ರಿ. ಸಾವಿರಗಟ್ಲೆ ಬಂದ್ರ ಮತ್ತ ಬಳೀರಿ. ತಾಮ್ರದ ಪುಡಿಯ ತಯಾರು ಪೇಂಟ್ ಸಿಗತೈತಿ, ತುಟ್ಟಿ, ಆದ್ರ ಕೆಲಸ ಬ್ಯಾಗ ಆಗತೈತಿ.

ಪಾಠದಮನಿ
ಗುಳ್ಳೆಗೆ ಕಾರಣ ಬೇರೆ. ಎಲೆಯಲ್ಲಿ ತೇವ ಉಳಿದಿದೆ. ಹಳೆ ಪೇಪರಿನ ನಡುವೆ ಭಾರ ಇಟ್ಟು ವಾರ ಒಣಗಿಸಿ, ಮೊದಲೆರಡು ದಿನ ಪೇಪರ್ ಬದಲಾಯಿಸಿ. ಬಾಗಿಸಿದರೆ ಪಟ್ ಅಂತ ಮುರಿಯುವಷ್ಟು ಒಣಗಬೇಕು. ಆಮೇಲೆ ಗ್ರಾಫೈಟಿಗೂ ಮೊದಲು ಬರೀ ಲ್ಯಾಕರ್ (ಪಾರದರ್ಶಕ ವಾರ್ನಿಶ್) ಎರಡು ಕೋಟು, ಅಂಚು ಮತ್ತು ತೊಟ್ಟು ಸೇರಿಸಿ. ಇಲ್ಲದಿದ್ದರೆ ಎಲೆ ಭರಣಿಯಲ್ಲೇ ಆ್ಯಸಿಡ್ ಕುಡಿಯುತ್ತದೆ. ಆಮೇಲೆ ಬಿಸಿಲಿಗೆ ಬಂದಾಗ ಒಳಗಿನ ತೇವ ಆವಿಯಾಗಿ ಪದರವನ್ನು ಮೇಲೆತ್ತುತ್ತದೆ.

ಸಿಂಧನೂರು_ಸರ
ಅಲ್ಲ, ಒಳಗ ಎಲಿ ಹಂಗೇ ಇರ್ತದೇನು? ಕೊಳೆಯಂಗಿಲ್ಲೇನು?

ಕುಂಚ_ಕೊಪ್ಪಳ
ಒಣಗಿಸಿ ಲ್ಯಾಕರ್ ಹಾಕಿದ್ದು ಕೊಳೆಯಂಗಿಲ್ರಿ. ಆದ್ರ ಮುಗದ ಎಲಿಗೆ ಬೆಸುಗಿ ಮಾತ್ರ ಹಾಕಬ್ಯಾಡ್ರಿ. ಶಾಖಕ್ಕ ಒಳಗಿನ ಎಲಿ ಕರಕಾಗಿ ಹೊಗಿ ತುಂಬಿ ಚಿಪ್ಪು ಸೀಳತೈತಿ. ಕೊಕ್ಕಿ ಸಿಗಿಸೋ ಉಂಗುರ ಮೊದಲ ತೊಟ್ಟಿಗೆ ಅಂಟಿಸಿ, ಅದರ ಮ್ಯಾಲೂ ಗ್ರಾಫೈಟ್ ಬಳದು, ಎಲಿ ಜೋಡಿನ ಭರಣಿಗೆ ಬಿಡ್ರಿ. ತಾಮ್ರ ಎರಡನ್ನೂ ಸೇರಿಸಿ ಬೆಳೀತೈತಿ, ಬೆಸುಗಿ ಬೇಕಾಗಂಗಿಲ್ಲ.

ಪಾಠದಮನಿ
ದ್ರಾವಣದ ಬಗ್ಗೆ ಯಾರೂ ಮಾತಾಡಿಲ್ಲ, ಅದನ್ನೂ ಹೇಳಿಬಿಡ್ತೀನಿ. ಲೀಟರಿಗೆ 200 ಗ್ರಾಂ ಮೈಲುತುತ್ತ ಸರಿ. ಬ್ಯಾಟರಿ ಆ್ಯಸಿಡ್ ಮೂರನೇ ಒಂದು ಪಾಲಿನಷ್ಟು ಗಂಧಕಾಮ್ಲ, ಹಾಗಾಗಿ ಲೀಟರಿಗೆ 140 ಮಿ.ಲೀ. ಅಂದರೆ ಸುಮಾರು 60 ಗ್ರಾಂ ಆಮ್ಲ ಸಿಕ್ಕಿದೆ, ಅದೂ ಸರಿ. ತಪ್ಪಿರೋದು ನೀರಿನಲ್ಲಿ. ನಮ್ಮ ಕಡೆ ಬೋರ್ ನೀರಿನಲ್ಲಿ ಉಪ್ಪು, ಗಡಸು ಎರಡೂ ಹೆಚ್ಚು. ಈ ದ್ರಾವಣಕ್ಕೆ ಕ್ಲೋರೈಡ್ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಸ್ವಲ್ಪ ಇದ್ದರೆ ಒಳ್ಳೆಯದು, ಅತಿಯಾದರೆ ಪದರ ಮಂಕಾಗಿ ಒರಟಾಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬಳಸಿ. ಬೇಸಿಗೆಯಲ್ಲಿ ಆರಿಹೋದ ಮಟ್ಟ ತುಂಬಿಸುವಾಗಲೂ ಅದೇ ನೀರು.

ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರು ಹಾಕಬಾರದು. ಕನ್ನಡಕ, ನೈಟ್ರೈಲ್ ಗ್ಲೌಸ್ ಇರಲಿ, ಪಕ್ಕದಲ್ಲಿ ಅಡುಗೆ ಸೋಡಾ ಇರಲಿ. ಆ ಭರಣಿ, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು.

ಮೈಲುತುತ್ತ_ಕುಷ್ಟಗಿ
ಗೊಬ್ಬರದ ಅಂಗಡಿ ಮೈಲುತುತ್ತ ತಂದೀರೇನು ಅಕ್ಕಾ? ದಾಳಿಂಬರಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧ) ಹೊಡಿಯಾಕ ತರೋದು ಅದ. ಅದರಾಗ ಕಬ್ಬಿಣದ ಅಂಶ, ಮಣ್ಣು ಇರತೈತಿ. ಬಿಸಿನೀರಾಗ ಕರಗಿಸಿ ಒಂದು ರಾತ್ರಿ ಬಿಟ್ಟು, ಮ್ಯಾಲಿನ ತಿಳಿ ಮಾತ್ರ ಕಾಫಿ ಫಿಲ್ಟರ್ ಪೇಪರಿನ್ಯಾಗ ಸೋಸಬೇಕು. ತಳಕ್ಕ ಕಂದು ಗಸಿ ಕೂತಿದ್ದು ಕಾಣತೈತಿ.

ತಾಮ್ರತಂತಿ_ರಾಯಚೂರು
ಸೋಸಿದ್ರ ಗಸಿ ಹೋಗ್ತದ, ಕರಗಿದ ಕಬ್ಬಿಣ ಹೋಗಂಗಿಲ್ಲ ಅಣ್ಣಾರ. ಕಲಿಯಾಕ ಅಡ್ಡಿಯಿಲ್ಲ, ಮಾರೋ ಮಾಲಿಗೆ ಲ್ಯಾಬ್ ಗ್ರೇಡ್ ತಗೊಳ್ರಿ. ದ್ರಾವಣ ಒಮ್ಮೆ ಮಾಡಿದ್ರ ವರ್ಷಗಟ್ಲೆ ಬರ್ತದ, ಪ್ಲಸ್ ತಗಡು ಕರಗಿ ತಾಮ್ರ ತುಂಬ್ತಾನ ಇರ್ತದ.

ತಗಡಿನ ಮಾತು ಬಂತಲ್ಲ, ಎರಡೂ ಬದಿಗೆ ಒಂದೊಂದು ಹಾಕ್ರಿ, ಎಲಿಯಿಂದ ಎರಡೂ ಸಮ ದೂರ ಇರ್ಲಿ. ಒಂದ ಬದಿಗಿದ್ರ ಎಲಿ ಬೆನ್ನು ತೆಳುವಾಗಿ ಉಳೀತದ. ತಗಡಿಗೆ ಪಾಲಿಯೆಸ್ಟರ್ ಬಟ್ಟಿ ಚೀಲ ಹೊಲ್ಸ್ರಿ, ಹಳೇ ಓಡ್ನಿ ನಡೀತದ. ಹತ್ತಿ ಬಟ್ಟಿ ಆ್ಯಸಿಡಿನ್ಯಾಗ ಚಿಂದಿ ಆಗ್ತದ. ಚೀಲ ಇಲ್ಲಂದ್ರ ತಗಡಿಂದ ಉದುರಿದ ಕರೀ ಹುಡಿ ತೇಲಿ ಬಂದು ಎಲಿ ಮ್ಯಾಲೆ ಕೂತು ರವೆ ರವೆ ಆಗ್ತದ. ಮೀನಿನ ತೊಟ್ಟಿಯ ಗಾಳಿ ಪಂಪು ಸಣ್ಣಗ ಬಿಟ್ರ ದ್ರಾವಣ ಅಲುಗಾಡ್ತಿರ್ತದ.

ಅಂಚಿಗೆ ಇನ್ನೊಂದು ಉಪಾಯ. ಎಲಿ ಸುತ್ತ ಒಂದು ಬೆರಳು ದೂರಕ್ಕ ತಾಮ್ರದ ತಂತಿಯ ಉಂಗುರ ಕಟ್ಟಿ ಅದನ್ನೂ ಮೈನಸ್‌ಗೆ ಜೋಡಸ್ರಿ. ಅಂಚಿಗೆ ನುಗ್ಗೋ ಕರೆಂಟನ್ನ ಅದು ತಿಂತದ. ಕರೆಂಟ್ ಲೆಕ್ಕದಾಗ ಆ ತಂತಿ ಮೈಯ ಚದರ ಅಳತಿನೂ ಸೇರಸ್ರಿ.

ಬಿಸಿಲೂರು_ಬಳ್ಳಾರಿ
ಏಪ್ರಿಲ್‌ನಾಗೆ ಇದ್ಯಾವುದೂ ನಡೆಯಲ್ಲ ಬಿಡ್ರಿ. ತಗಡಿನ ಶೀಟ್ ಕೆಳಗೆ ಇಟ್ಟ ಭರಣಿ ಮಧ್ಯಾಹ್ನಕ್ಕೆ 40 ದಾಟ್ತದೆ. ಹೊಳಪಿಗೆ ಅಂತ ಬ್ರೈಟ್ನರ್ ಹಾಕಿದ್ರಂತೂ ಆ ಶಾಖಕ್ಕೆ ಕೆಟ್ಟೇ ಹೋಗ್ತದೆ. ನೆಲದ ಮೇಲೆ, ನೀರು ತುಂಬಿದ ಬುಟ್ಟಿಯಲ್ಲಿ ಭರಣಿ ಇಡ್ರಿ. ರಾತ್ರಿ ಓಡಿಸ್ರಿ.

ಹೊಳಿದಂಡಿ
ರಾತ್ರಿ ಓಡ್ಸಿದ್ರ ಕರೆಂಟ್ ಹೋಗ್ತದ. 😄 ಆವಾಗ?

ತಾಮ್ರತಂತಿ_ರಾಯಚೂರು
ಅದು ನಗೋ ಮಾತಲ್ಲ, ಈ ಕೆಲಸದಾಗ ಕೈ ಕೊಡೋದು ಅದ. ಕರೆಂಟ್ ಹೋದ ಮ್ಯಾಲೆ ಮೇಲ್ಮೈ ಮಂಕಾಗ್ತದ, ಅದರ ಮ್ಯಾಲೆ ಹಂಗೇ ಶುರುವಾದ್ರ ಎರಡು ಪದರ ಬೇರೆ ಬೇರೆ ಆಗಿ ಈರುಳ್ಳಿ ಸಿಪ್ಪಿ ಹಂಗ ಬಿಡ್ತಾವ. ತೆಗೀರಿ, ಡಿಸ್ಟಿಲ್ಡ್ ನೀರಿನ್ಯಾಗ ತೊಳೀರಿ, ಒಂದು ಪಾಲು ಬ್ಯಾಟರಿ ಆ್ಯಸಿಡಿಗೆ ಮೂರು ಪಾಲು ನೀರಿನ ದ್ರಾವಣದಾಗ ಅರ್ಧ ನಿಮಿಷ ಅದ್ದ್ರಿ, ಬೆರಳು ಮುಟ್ಟಿಸದ ವಾಪಸ್ ಇಳಸ್ರಿ. ಸಣ್ಣ ಯುಪಿಎಸ್ ಇದ್ರ ಆ ತ್ರಾಸ ಇಲ್ಲ, 0.6 ಆಂಪಿಯರ್ ಏನು ದೊಡ್ಡ ಹೊರಿ ಅಲ್ಲ.

ಪಾಠದಮನಿ
ಕೆಟ್ಟ ದ್ರಾವಣವನ್ನು ಮೋರಿಗೆ ಸುರಿಯಬೇಡಿ. ತಾಮ್ರದ ಉಪ್ಪು ಮೀನಿಗೆ ವಿಷ, ಗಂಗಾವತಿಯ ಮೋರಿ ಕೊನೆಗೆ ಸೇರೋದು ಹೊಳೆ, ಹಳ್ಳಗಳಿಗೆ. ವಾಷಿಂಗ್ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ನೊರೆ ಉಕ್ಕುತ್ತದೆ. ಪಿಎಚ್ ಕಾಗದ 8-9 ತೋರಿಸುವಾಗ ತಾಮ್ರವೆಲ್ಲ ನೀಲಿ ಹಸಿರು ಗಸಿಯಾಗಿ ತಳ ಸೇರುತ್ತದೆ. ಗಸಿ ಸೋಸಿ, ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಡಿ, ಅಪಾಯದ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಹೊಲಕ್ಕೂ ಬೇಡ.

ಮೈಲುತುತ್ತ_ಕುಷ್ಟಗಿ
ಹೊಲಕ್ಕ ಬೋರ್ಡೋ ಅಂತ ತಾಮ್ರ ಹೊಡೀತೀವಲ್ರೀ ಮೇಡಂ, ಅದಕ್ಕೇನಂತೀರಿ?

ಪಾಠದಮನಿ
ಅದು 1 ಪರ್ಸೆಂಟ್, ಎಲೆ ಮೇಲೆ, ಅಳತೆ ಮಾಡಿ. ಇದು ಅಳತೆ ಇಲ್ಲದ ಗಸಿ, ಒಂದೇ ಜಾಗಕ್ಕೆ.

ಸಿಂಧನೂರು_ಸರ
ತಾಮ್ರ ಬ್ಯಾಡ ಅನ್ನೋರಿಗೆ ಬೀಜದ ಸರ ಅದಲ್ಲ. ಗುಲಗಂಜಿ ಎಷ್ಟ್ ಚಂದ, ಖರ್ಚೂ ಇಲ್ಲ.

ಪಾಠದಮನಿ
ಗುಲಗಂಜಿ ಬೇಡವೇ ಬೇಡ. ಅದರಲ್ಲಿ ಅಬ್ರಿನ್ ಎಂಬ ಕಡು ವಿಷವಿದೆ. ಇಡಿಯಾಗಿದ್ದಾಗ ಸಿಪ್ಪೆ ಗಟ್ಟಿ, ವಿಷ ಹೊರಬರುವುದಿಲ್ಲ. ಸರಕ್ಕೆ ತೂತು ಕೊರೆದ ಮೇಲೆ ಆ ರಕ್ಷಣೆ ಹೋಯಿತು. ಕೊರೆಯುವವರ ಉಸಿರಿಗೆ ಪುಡಿ, ಸರ ಕಡಿಯುವ ಮಗುವಿನ ಬಾಯಿಗೆ ಬೀಜ.

ಹೊಳಿದಂಡಿ
ಅಕ್ಕಸಾಲಿಗರು ತಲೆತಲಾಂತರದಿಂದ ಗುಲಗಂಜಿ ಮುಟ್ಟಿಲ್ಲೇನು? ಯಾರಿಗೇನಾಯ್ತು?

ಕುಂಚ_ಕೊಪ್ಪಳ
ಅವರು ತೂಕಕ್ಕ ಇಟ್ಟಿದ್ರು, ಕೊರೀಲಿಲ್ಲ. ಒಂದು ಗುಲಗಂಜಿ 0.12 ಗ್ರಾಂ ಆಸುಪಾಸು. ತಕ್ಕಡ್ಯಾಗ ಇಡೋದು ಬ್ಯಾರೆ, ಕೊರಳಿಗೆ ಹಾಕೋದು ಬ್ಯಾರೆ. ಕೆಂಪು ಬೇಕಂದ್ರ ಆನೆ ಗುಲಗಂಜಿ ಅಂದ್ರ ಮಂಜಾಡಿ ಬೀಜ ತಗೊಳ್ರಿ. ಕರೀ ಚುಕ್ಕಿ ಇರಂಗಿಲ್ಲ, ಗಾತ್ರ ದೊಡ್ಡದು. ಕರೀ ಮಣಿ ಬೇಕಂದ್ರ ಅಂಟುವಾಳದ ಬೀಜ, ಬೂದು ಬಣ್ಣಕ್ಕ ಗಜ್ಜುಗ. 1 ಮಿ.ಮೀ. ಡ್ರಿಲ್, ನಿಧಾನ ವೇಗ, ಎರಡೂ ಬದಿಯಿಂದ ಅರ್ಧರ್ಧ ಕೊರೀರಿ. ಒಂದೇ ಬದಿಯಿಂದ ಕೊರದ್ರ ಹೊರಗ ಬರೋ ಕಡೆ ಸಿಪ್ಪಿ ಚೂರು ಹಾರತೈತಿ.

ಜೋಳದ ಕಾಳು, ಹುಣಸಿಬೀಜ ಹಾಕೋರು ಮೊದಲ ಮೂರ್ನಾಕು ದಿನ ಫ್ರೀಜರಿನ್ಯಾಗ ಇಡ್ರಿ. ಇಲ್ಲಂದ್ರ ಹುಳದ ತತ್ತಿ ಒಳಗ ಉಳದು ಗಿರಾಕಿ ಮನ್ಯಾಗ ಪದಕದಿಂದ ಹಿಟ್ಟು ಉದುರತೈತಿ.

ಬಿಸಿಲೂರು_ಬಳ್ಳಾರಿ
ನವಿಲುಗರಿ ಓಲೆ ಮಾಡಬಹುದಾ? ಹುಲಿಯುಗುರಿನ ಗಲಾಟೆ ಆದಮೇಲೆ ಭಯ.

ಲೆಕ್ಕದಪುಸ್ತಕ
ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಇದೆ, ಹೊರದೇಶಕ್ಕೆ ಕಳಿಸುವಂತಿಲ್ಲ. ಆನ್‌ಲೈನ್‌ನಲ್ಲಿ ವಿದೇಶದ ಆರ್ಡರ್ ಬಂದರೆ ಇದನ್ನು ಮರೆಯಬೇಡಿ. ಹುಲಿಯುಗುರು, ಆನೆದಂತ, ಆಮೆಚಿಪ್ಪು ಮುಟ್ಟಲೇಬೇಡಿ, ಹವಳದ ಕಡ್ಡಿಯೂ ವನ್ಯಜೀವಿ ಕಾಯ್ದೆಯೊಳಗೇ ಬರುತ್ತದೆ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಕ್ಕೆ ಕೇಸಾಗಿದ್ದು ಎಲ್ಲರೂ ನೋಡಿದ್ದೇ. 'ಅಜ್ಜನ ಕಾಲದ್ದು' ಅಂದರೂ ಬಿಡುವುದಿಲ್ಲ.

ಪಟ್ಟಿಕಲ್ಲು_ಸಂಡೂರು
ಎಲೆ, ಬೀಜ, ಗರಿ ಎಲ್ಲ ಆಯ್ತು. ನಮ್ಮ ಕಲ್ಲು ಯಾರಿಗೂ ನೆನಪಾಗಲಿಲ್ಲ ನೋಡ್ರಿ! ಸಂಡೂರು ಗುಡ್ಡದಾಗೆ ಕೆಂಪು ಜಾಸ್ಪರ್, ಬೂದು ಹೆಮಟೈಟ್ (ಕಬ್ಬಿಣದ ಅದಿರು) ಒಂದರ ಮೇಲೊಂದು ಗೆರೆ ಗೆರೆಯಾಗಿರೋ ಕಲ್ಲೈತೆ, ಗಣಿಯವರು ಬಿ.ಎಚ್.ಜೆ. (ಬ್ಯಾಂಡೆಡ್ ಹೆಮಟೈಟ್ ಜಾಸ್ಪರ್) ಅಂತಾರೆ. ಪದಕಕ್ಕೆ ಅದಕ್ಕಿಂತ ಚಂದದ ಕಲ್ಲು ಈ ಸೀಮೆಯಲ್ಲಿಲ್ಲ. ಆದ್ರೆ ಪಾಲಿಶ್ ಮಾಡೋರು ಎಡವೋದು ಒಂದೇ ಕಡೆ. 10ರ ಮೋಸ್ ಅಳತೆಯಲ್ಲಿ ಜಾಸ್ಪರ್ ಗಡಸುತನ 7ರ ಹತ್ರ, ಹೆಮಟೈಟ್ 5.5ರಿಂದ 6.5. ಮೆತ್ತನ ಪ್ಯಾಡ್ ಮೇಲೆ ತಿಕ್ಕಿದ್ರೆ ಹೆಮಟೈಟ್ ಗೆರೆ ತಗ್ಗಾಗಿ, ಜಾಸ್ಪರ್ ಉಬ್ಬಿ, ಕಲ್ಲು ಏರುತಗ್ಗಾಗಿ ಕೈಗೆ ಹತ್ತುತ್ತೆ. 80, 220, 600, 1200, 3000 ಅಂತ (ಅಂಕಿ ಏರಿದಂಗೆ ನುಣುಪು) ಡೈಮಂಡ್ ಡಿಸ್ಕೇ ಬಳಸಿ, ಡಿಸ್ಕ್ ಗಟ್ಟಿಯಾಗಿರಲಿ, ಒತ್ತಡ ಹಗುರ ಇರಲಿ. 600ರಲ್ಲಿ ಗೆರೆ ತಗ್ಗಾಗಿದ್ದು ಕಂಡ್ರೆ ಮುಂದೆ ಹೋಗಬ್ಯಾಡ್ರಿ, 220ಕ್ಕೆ ವಾಪಸ್ ಬರ್ರಿ.

ನೀರು ಹರಿಸಿಕೊಂತನೇ ಕೊಯ್ರಿ, ಒಣ ಕೊಯ್ದ್ರೆ ಸಿಲಿಕಾ ಧೂಳು ಎದಿಗೆ ಹೋಗ್ತದೆ. ಕೆಂಪು ಕೆಸರು ಬಟ್ಟೆಗೆ ಬಿದ್ರೆ ಹೋಗಲ್ಲ, ಹಳೇ ಬಟ್ಟೆ ಹಾಕ್ಕೊಳ್ರಿ. ಮತ್ತೆ ಕಾಡಿನಿಂದ, ಗಣಿಯಿಂದ ಸುಮ್ನೆ ಎತ್ತಿಕೊಂಡು ಬರೋದು ಕಾನೂನಿಗೆ ವಿರುದ್ಧ. ಬಿಲ್ ಕೊಡೋರ ಹತ್ರ ತಗೊಳ್ರಿ.

ಹೊಳಿದಂಡಿ
ಕಬ್ಬಿಣದ ಕಲ್ಲು ಅಂದ್ರ ಭಾರ ಆಗ್ತದಲ್ಲ? ಅಂಗಡ್ಯಾಗ ಆಯಸ್ಕಾಂತಕ್ಕ ಹತ್ತೋ ಹೆಮಟೈಟ್ ಮಣಿ ಸಿಗ್ತಾವ, ಅವು ನಡೀತಾವೇನು?

ಪಟ್ಟಿಕಲ್ಲು_ಸಂಡೂರು
ಆಯಸ್ಕಾಂತಕ್ಕೆ ಪಟ್ಟಂತ ಹತ್ತಿದ್ರೆ ಅದು ಕಾರ್ಖಾನೆ ಮಣಿ, ಗುಡ್ಡದ್ದಲ್ಲ. ಬಿ.ಎಚ್.ಜೆ. ಕಲ್ಲು 20×15 ಮಿ.ಮೀ., 4 ಮಿ.ಮೀ. ದಪ್ಪಕ್ಕೆ ಮೂರು-ನಾಲ್ಕು ಗ್ರಾಂ ಆಸುಪಾಸು. ಓಲೆಗೂ ನಡೀತದೆ.

ಸಿಂಧನೂರು_ಸರ
ರೆಸಿನ್‌ನಾಗ ಶಂಖಪುಷ್ಪ ಹಾಕಿದ್ರ ಎರಡ ದಿನಕ್ಕ ಹಸಿರು ಮಣ್ಣಿನ ಬಣ್ಣ ಆಗ್ತದ, ತಂಗಡಿ ಹೂವು ಹಳದಿ ಹಂಗೇ ಉಳೀತದ. ಯಾಕ?

ಪಾಠದಮನಿ
ರೆಸಿನ್ ಗಟ್ಟಿಯಾಗಲು ಕಲಸುವ ಹಾರ್ಡನರ್ ಕ್ಷಾರ. ಶಂಖಪುಷ್ಪದ ನೀಲಿ ಕ್ಷಾರಕ್ಕೆ ಬಣ್ಣ ಬಿಡುತ್ತದೆ, ನಿಂಬೆರಸ ಹಿಂಡಿದರೆ ಅದೇ ಹೂವು ನೇರಳೆಯಾಗುವುದಿಲ್ಲವೇ? ದಾಸವಾಳ, ಗುಲಾಬಿಯದೂ ಅದೇ ಜಾತಿಯ ಬಣ್ಣ. ಸಿಲಿಕಾ ಜೆಲ್‌ನಲ್ಲಿ ಮೂರ್ನಾಲ್ಕು ದಿನ ಒಣಗಿಸಿ, ತೆಳುವಾಗಿ ಲ್ಯಾಕರ್ ಸಿಂಪಡಿಸಿ, ಆಮೇಲೆ ರೆಸಿನ್ ಹಾಕಿದರೆ ಹೆಚ್ಚು ದಿನ ಉಳಿಯುತ್ತದೆ. ತಂಗಡಿ, ಚೆಂಡುಹೂವು, ಸೂರ್ಯಕಾಂತಿ ಎಸಳು ಸುಲಭ.

ಬಿಸಿಲೂರು_ಬಳ್ಳಾರಿ
ಬೇಸಿಗೆಗೆ ರೆಸಿನ್ ಕಲಸೋದು ಸ್ವಲ್ಪ ಸ್ವಲ್ಪನೇ ಇರಲಿ. 10 ಡಿಗ್ರಿ ಏರಿದ್ರೆ ಕೈಗೆ ಸಿಗೋ ಟೈಮ್ ಹೆಚ್ಚುಕಮ್ಮಿ ಅರ್ಧ ಆಗ್ತದೆ. ಕಪ್ಪಿನಲ್ಲೇ ಕಾದು ಹೊಗೆ ಎದ್ರೆ ಹೊರಗಿಟ್ಟು ದೂರ ನಿಲ್ರಿ. ಬಾಟಲಿ ಮೇಲೆ ತೂಕದ ಅಳತೆಯೋ ಪ್ರಮಾಣದ ಅಳತೆಯೋ ಓದ್ರಿ, ಎರಡೂ ಒಂದೇ ಅಲ್ಲ. ಅಂಟು ಅಂಟಾಗಿ ಉಳಿಯೋ ಪದಕಕ್ಕೆ ಹೆಚ್ಚಾಗಿ ಕಾರಣ ಅದೇ.

ಎಲಿಓಲೆ_ಗಂಗಾವತಿ
ಎಲ್ಲರಿಗೂ ಧನ್ಯವಾದ. ಎಲಿ ಮತ್ತ ಒಣಗಾಕ ಇಟ್ಟೀನಿ, ಎರಡನೇ ತಗಡೂ ತಂದೀನಿ. ರೇಟಿನ ಬಗ್ಗೆ ಯಾರರ ಹೇಳ್ರಿ. ಸಂತ್ಯಾಗ ಎಲಿ ಡಿಸೈನಿನ ಓಲೆ ನೂರು ರೂಪಾಯಿಗೆ ಸಿಗತಾವು, ನನ್ನ ಕಡೆ ಬಂದು 'ನಿಂದ್ಯಾಕ ತುಟ್ಟಿ' ಅಂತಾರ.

ಲೆಕ್ಕದಪುಸ್ತಕ
ಭರಣಿ ತಾನಾಗಿ ಓಡುವ 12 ಗಂಟೆಗೆ ಕೂಲಿ ಹಾಕಬೇಡಿ, ಕೈ ಹತ್ತಿದ ಹೊತ್ತಿಗಷ್ಟೇ ಹಾಕಿ. ಉದಾಹರಣೆಗೆ ಜೋಡಿಗೆ ಒಂದೂವರೆ ಗಂಟೆ ಕೈ ಕೆಲಸ, ಗಂಟೆಗೆ 100 ಹಿಡಿದರೆ 150. ಸಾಮಾನು, ಕೊಕ್ಕೆ, ಡಬ್ಬಿ ಸೇರಿ 90 ಅಂದುಕೊಳ್ಳಿ. ಒಟ್ಟು 240. ಈಗ ಎಲ್ಲರೂ ಬಿಡುವ ಲೆಕ್ಕ: ಹತ್ತು ಜೋಡಿಯಲ್ಲಿ ಮೂರು ಕೆಟ್ಟರೆ ಹತ್ತರ ಖರ್ಚು 2400ನ್ನು ಏಳು ಜೋಡಿ ಹೊರಬೇಕು, ಅಂದರೆ 343. ಅದರ ಮೇಲೆ ನಿಮ್ಮ ಲಾಭ. 250ಕ್ಕೆ ಮಾರಿದರೆ ಕೈಯಿಂದ ಕಳೆದುಕೊಂಡಂತೆ.

ಕೃತಕ ಆಭರಣಕ್ಕೆ ಜಿಎಸ್‌ಟಿ 3 ಪರ್ಸೆಂಟ್. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದವರೂ ರಾಜ್ಯದೊಳಗೆ ಆನ್‌ಲೈನ್ ಮಾರಾಟ ತಾಣಗಳ ಮೂಲಕ ಮಾರಬಹುದು, ಅದಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆಯಬೇಕು.

ಕುಂಚ_ಕೊಪ್ಪಳ
ಗಿರಾಕಿಗೆ ಬಾಯಿಂದ ಹೇಳೋದಕ್ಕಿಂತ ತೋರಸ್ರಿ. ಅಚ್ಚಿನ ಎಲಿ ಎಡಕ ಬಲಕ ಎರಡೂ ಒಂದೇ ಥರ, ಹಿಂಬದಿ ಸಪಾಟ. ಖರೇ ಎಲಿಗೆ ಹಿಂದ ನರ ಉಬ್ಬಿರತಾವು, ಜೋಡಿಯ ಎರಡೂ ಎಲಿಯ ನರ ಹೊಂದಂಗಿಲ್ಲ. ಒಂದು ಹುಳ ತಿಂದ ತೂತಿದ್ದ ಎಲಿ ಮುಂದ ಇಡ್ರಿ, ಅದ ಮೊದಲ ಮಾರಾಟ ಆಗತೈತಿ.

ಸಿಂಧನೂರು_ಸರ
ತಾಮ್ರ ಹಾಕ್ಕೊಂಡ್ರ ಕಿವಿ ಹಸರಾಗ್ತದ ಅಂತಾರಲ್ಲ, ಜರ್ಮನ್ ಸಿಲ್ವರ್ ಕೊಕ್ಕಿ ಹಾಕಿದ್ರ ಆಗ್ತದೇನು? ಲಂಬಾಣಿ ಒಡವಿಯೆಲ್ಲ ಅದರದ ಇರ್ತಾವ.

ತಾಮ್ರತಂತಿ_ರಾಯಚೂರು
ಆಗಂಗಿಲ್ಲ ತಂಗೆವ್ವ. ಜರ್ಮನ್ ಸಿಲ್ವರಿನ್ಯಾಗ ಬೆಳ್ಳಿ ಒಂದು ಚೂರೂ ಇರಂಗಿಲ್ಲ, ತಾಮ್ರ, ನಿಕ್ಕಲ್, ಸತುವು ಅಷ್ಟ. ಕೈಬಳಿಗೆ ನಡೀತದ, ಕಿವಿ ತೂತಿಗೆ ನಿಕ್ಕಲ್ ತುರಿಕಿ ತರ್ತದ. ಓಲೆ ತಾಮ್ರದ್ದ ಇರ್ಲಿ, ಕೊಕ್ಕಿ ಮಾತ್ರ 925 ಬೆಳ್ಳಿ (ನೂರಕ್ಕ 92.5 ಪಾಲು ಬೆಳ್ಳಿ). ಎಲಿಗೆ ತೆಳು ಲ್ಯಾಕರ್ ಹೊಡದ್ರ ಬೆವರು ತಾಗಂಗಿಲ್ಲ, ಹಸರೂ ಆಗಂಗಿಲ್ಲ.

ಎಲಿಓಲೆ_ಗಂಗಾವತಿ
ಬೆಳ್ಳಿ ತಂತಿ ಯಾವ ದಪ್ಪದ್ದು ತರಲಿ ಅಣ್ಣಾರ?

ತಾಮ್ರತಂತಿ_ರಾಯಚೂರು
20 ಗೇಜ್, 0.8 ಮಿ.ಮೀ. ತುದಿ ಅರದಿಂದ ಉಜ್ಜಿ ಗುಂಡಗ ಮಾಡ್ರಿ, ಚೂಪು ಉಳದ್ರ ಕಿವಿ ಕೊರೀತದ.